1951ರ ದೆಹಲಿಯಲ್ಲಿ ಅಜ್ಜ ಹಾಕಿ ಆಡಿದ್ದರೇ?

ಪ್ರಶ್ನೆ: ಸರ್, ನಮ್ಮದು ಕೊಡಗಿನ ಅಮ್ಮತ್ತಿ ಕಡೆಯ ಒಕ್ಕ (ಕೊಡವ ಮನೆತನ). ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಜೀರ್ಣೋದ್ಧಾರ ಮುಗಿಯುತ್ತಾ ಬಂದಿದೆ, ಆ ಸಂದರ್ಭಕ್ಕೆ ಒಂದು ಸ್ಮರಣ ಸಂಚಿಕೆ ತರುತ್ತಿದ್ದೇವೆ. ಸಂಪಾದಕನ ಕೆಲಸ ನನ್ನ ತಲೆಗೆ ಬಿದ್ದಿದೆ. ನನ್ನ ಅಜ್ಜ ಸೇನೆಯಲ್ಲಿದ್ದರು, ಒಳ್ಳೆಯ ಹಾಕಿ ಆಟಗಾರ. ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಆಡಿ ಚಿನ್ನ ಗೆದ್ದರು ಎಂದು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದಿದ್ದೇವೆ. ಮನೆಯಲ್ಲಿ ಒಂದು ಫೋಟೋ ಇದೆ. ಅಜ್ಜ ಬ್ಲೇಜರ್ ಹಾಕಿ ದೊಡ್ಡ ಕಟ್ಟಡವೊಂದರ ಮುಂದೆ ನಿಂತಿದ್ದಾರೆ, ಹಿಂದೆ ಪೆನ್ಸಿಲಿನಲ್ಲಿ 'ದೆಹಲಿ, ಮಾರ್ಚ್ 1951' ಎಂದು ಅವರದೇ ಅಕ್ಷರ. ಟ್ರಂಕಿನಲ್ಲಿ ಒಂದು ಪದಕವೂ ಇದೆ. ಅದರ ಮೇಲೆ ಎರಡು ಹಾಕಿ ಸ್ಟಿಕ್ ಅಡ್ಡಡ್ಡ ಇಟ್ಟ ಚಿತ್ರ, ಅಂಚಿನ ಅಕ್ಷರ ಸವೆದುಹೋಗಿದೆ. ಈಗ ಮೈಸೂರಿನಲ್ಲಿ ಓದುವ ಅಣ್ಣನ ಮಗ 'ಆ ವರ್ಷ ಹಾಕಿಯೇ ಇರಲಿಲ್ಲ' ಎಂದು ಬಾಂಬ್ ಹಾಕಿದ್ದಾನೆ. 84 ವರ್ಷದ ದೊಡ್ಡಪ್ಪ ಊಟ ಬಿಟ್ಟು ಎದ್ದು ಹೋದರು. ಜೊತೆಗೆ ಏಷ್ಯನ್ ಗೇಮ್ಸ್ ಹುಟ್ಟಿದ ಬಗೆ ಎರಡು ಪುಟ ಬರೆಯೋಣವೆಂದು ಕೂತರೆ ಒಬ್ಬರು ನೆಹರು ಅನ್ನುತ್ತಾರೆ, ಒಬ್ಬರು ಪಟಿಯಾಲಾ ಮಹಾರಾಜ, ಇನ್ನೊಬ್ಬರು ಬ್ರಿಟಿಷರು. ಎಲ್ಲೋ 1913ರಲ್ಲಿ ಮನಿಲಾದಲ್ಲಿ ಶುರುವಾಯಿತು ಎಂದೂ ಓದಿದೆ. ಯಾವುದನ್ನು ಅಚ್ಚು ಹಾಕಿಸಲಿ? ತಪ್ಪು ಬರೆದರೆ ನಾಳೆ ಹಾಕಿ ಮೈದಾನದಲ್ಲಿ ನಗುತ್ತಾರೆ, ಬಿಟ್ಟರೆ ದೊಡ್ಡಪ್ಪ ಐನ್‌ಮನೆಗೆ ಕಾಲಿಡುವುದಿಲ್ಲ.

ಉತ್ತರ: ಕಹಿ ಮಾತ್ರೆಯನ್ನು ಮೊದಲೇ ಕೊಡುತ್ತೇನೆ. ನಿಮ್ಮ ಅಣ್ಣನ ಮಗ ಹೇಳಿದ್ದು ಸರಿ. 1951ರ ಮಾರ್ಚ್ 4ರಿಂದ 11ರವರೆಗೆ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇದ್ದದ್ದು ಆರು ಕ್ರೀಡೆ. ಅಥ್ಲೆಟಿಕ್ಸ್, ಈಜು-ಡೈವಿಂಗ್-ವಾಟರ್ ಪೋಲೊ ಸೇರಿದ ಜಲಕ್ರೀಡೆ, ಬಾಸ್ಕೆಟ್‌ಬಾಲ್, ಸೈಕ್ಲಿಂಗ್, ಫುಟ್‌ಬಾಲ್, ವೇಟ್‌ಲಿಫ್ಟಿಂಗ್. ಹಾಕಿ ಇರಲಿಲ್ಲ. 1954ರಲ್ಲಿ ಮನಿಲಾದಲ್ಲಿ ಎರಡನೆಯ ಕೂಟ ನಡೆದಾಗಲೂ ಇರಲಿಲ್ಲ. ಹಾಕಿ ಬಂದದ್ದು 1958ರ ಟೋಕಿಯೊದಲ್ಲಿ. ಅಲ್ಲಿ ಭಾರತ-ಪಾಕಿಸ್ತಾನದ ಪಂದ್ಯ ಗೋಲಿಲ್ಲದೆ ಮುಗಿದು, ಗೋಲು ಸರಾಸರಿಯ ಮೇಲೆ ಚಿನ್ನ ಪಾಕಿಸ್ತಾನಕ್ಕೆ ಹೋಯಿತು. ನಮಗೆ ಏಷ್ಯನ್ ಗೇಮ್ಸ್ ಹಾಕಿಯ ಮೊದಲ ಚಿನ್ನ ಸಿಕ್ಕಿದ್ದು 1966ರಲ್ಲಿ, ಬ್ಯಾಂಕಾಕ್‌ನಲ್ಲಿ.

ಹಾಗೆಂದು ದೊಡ್ಡಪ್ಪ ಸುಳ್ಳು ಹೇಳುತ್ತಿದ್ದಾರೆ ಎಂದು ತೀರ್ಮಾನಿಸಬೇಡಿ. ನಾನು ಮದರಾಸಿನ ವೈಎಂಸಿಎ ವ್ಯಾಯಾಮ ಶಿಕ್ಷಣ ಕಾಲೇಜಿನಲ್ಲಿ ಓದಿ, ಮಕ್ಕಳಿಗೆ ಆಟ ಕಲಿಸುತ್ತಲೇ ಮೂವತ್ತು ವರ್ಷಕ್ಕೂ ಮೇಲೆ ಕಳೆದವನು. ನಿವೃತ್ತನಾದ ಮೇಲೆ ಇಂಥ ಫೋಟೋ, ಪದಕ, ಸರ್ಟಿಫಿಕೇಟು ಹಿಡಿದುಕೊಂಡು ಬರುವವರಿಗೆ ಒಂದಿಷ್ಟು ಹುಡುಕಿ ಕೊಡುವುದೇ ಕೆಲಸವಾಗಿದೆ. ನನ್ನ ಅನುಭವದಲ್ಲಿ ಮನೆಮಾತು ಪೂರ್ತಿ ಸುಳ್ಳಾಗಿರುವುದು ಅಪರೂಪ. ಬೇರೆ ಬೇರೆ ನಿಜಗಳು ಒಂದೇ ಟ್ರಂಕಿನಲ್ಲಿ ಅರವತ್ತು ಎಪ್ಪತ್ತು ವರ್ಷ ಇದ್ದು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅಷ್ಟೇ. ನಿಮ್ಮ ಮನೆಯಲ್ಲಿ ಅಂಥ ಮೂರು ನಿಜ ಇವೆ: ಅಜ್ಜ 1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿದ್ದರು. ಅಜ್ಜ ಹಾಕಿಯಲ್ಲಿ ಪದಕ ಗೆದ್ದಿದ್ದರು. ಆ ತಿಂಗಳು ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ನಡೆಯಿತು. ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದವರು ಯಾರೋ ಮಕ್ಕಳು. ಬಹುಶಃ ದೊಡ್ಡಪ್ಪನೇ, ಹುಡುಗನಾಗಿದ್ದಾಗ.

ಈ ಪೋಣಿಸುವಿಕೆಗೆ ಇನ್ನೊಂದು ಕಾರಣವೂ ಇದೆ, ಅದು 1951ರ ಕೂಟ ನಡೆದ ದೆಹಲಿಯ ನ್ಯಾಷನಲ್ ಸ್ಟೇಡಿಯಂ. ಇಂಡಿಯಾ ಗೇಟ್‌ನ ಆಚೆ ಇರುವ ಅದಕ್ಕೆ ಇಂದು ಮೇಜರ್ ಧ್ಯಾನ್ ಚಂದ್ ಹೆಸರಿದೆ. ಹಾಕಿಯ ಮನೆ ಎಂದೇ ಎಲ್ಲರಿಗೂ ಗೊತ್ತು. 1982ರ ಏಷ್ಯಾಡ್‌ನಲ್ಲಿ ಗಂಡಸರ ಹಾಕಿ ನಡೆದದ್ದು ಅಲ್ಲೇ. ಫೈನಲ್‌ನಲ್ಲಿ ಪಾಕಿಸ್ತಾನ 7-1ರಿಂದ ನಮ್ಮನ್ನು ಬಡಿದ ಸಂಜೆಯನ್ನು ಕೊಡಗಿನಲ್ಲಿ ನನ್ನ ವಯಸ್ಸಿನವರು ಯಾರೂ ಮರೆತಿಲ್ಲ. ಟೀವಿ ಇದ್ದ ಮನೆಯ ಅಂಗಳದಲ್ಲಿ ಸಾವಿನ ಮನೆಯ ಮೌನ. ಆದ್ದರಿಂದ 'ದೆಹಲಿ', 'ಏಷ್ಯನ್ ಗೇಮ್ಸ್', 'ನ್ಯಾಷನಲ್ ಸ್ಟೇಡಿಯಂ' ಎಂಬ ಮೂರು ಮಾತು ಕೇಳಿದರೆ ತಲೆಯೊಳಗೆ ತಾನಾಗಿಯೇ ಹಾಕಿ ಓಡುತ್ತದೆ. ನಾನೇ ಸಿಕ್ಕಿಬಿದ್ದಿದ್ದೇನೆ. ಶಾಲೆಯೊಂದರ ಕ್ವಿಜ್‌ಗೆ ಪ್ರಶ್ನೆ ತೆಗೆಯುವಾಗ 1951ರ ಹಾಕಿ ಚಿನ್ನ ಯಾರದು ಎಂದು ಕೇಳಿ, ಉತ್ತರ 'ಭಾರತ' ಎಂದು ಬರೆದುಕೊಂಡಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು 'ಸರ್, ಆವಾಗ ಹಾಕಿ ಇರ್ಲಿಲ್ಲ' ಅಂದಳು. ಅಂದು ನನಗಾದ ನಾಚಿಕೆಯೇ ಈ ವಿಷಯವನ್ನು ಕೂತು ಓದುವಂತೆ ಮಾಡಿದ್ದು.

ಇನ್ನು ನಿಮ್ಮ ಎರಡು ಪುಟದ ಲೇಖನಕ್ಕೆ ಬರೋಣ. ಏಷ್ಯನ್ ಗೇಮ್ಸ್ 'ಯಾರು ಶುರುಮಾಡಿದರು' ಎಂಬ ಪ್ರಶ್ನೆಗೆ ನಿಮಗೆ ನಾಲ್ಕು ಉತ್ತರ ಸಿಕ್ಕಿವೆ. ಬ್ರಿಟಿಷರು ಎಂಬುದನ್ನು ಮೊದಲು ಪಕ್ಕಕ್ಕಿಡಿ. ಅದು ಬ್ರಿಟಿಷ್ ಎಂಪೈರ್ ಗೇಮ್ಸ್ ಜೊತೆ ಆದ ಗೊಂದಲ. ಇಂದು ಕಾಮನ್‌ವೆಲ್ತ್ ಗೇಮ್ಸ್ ಎಂದು ಕರೆಯುವ ಆ ಕೂಟ 1930ರಲ್ಲಿ ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಆರಂಭವಾಯಿತು, 1934ರಲ್ಲಿ ಲಂಡನ್‌ನಲ್ಲಿ ಭಾರತ ಮೊದಲ ಬಾರಿ ಹೋಯಿತು. ಅದರ ಕಥೆಯೇ ಬೇರೆ. ಉಳಿದ ಮೂರು ಉತ್ತರಗಳಲ್ಲಿ ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ಆದರೆ ಮೂರರಲ್ಲೂ ಇರಬೇಕಾದ ಮುಖ್ಯ ಹೆಸರೇ ಇಲ್ಲ. ಅದು ಗುರುದತ್ ಸೋಂಧಿ.

ಮನಿಲಾದಿಂದ ಶುರು ಮಾಡೋಣ. ಫಿಲಿಪ್ಪೀನ್ಸ್ ಆಗ ಅಮೆರಿಕದ ಕೈಯಲ್ಲಿತ್ತು. ಮನಿಲಾದ ವೈಎಂಸಿಎಯಲ್ಲಿ ವ್ಯಾಯಾಮ ನಿರ್ದೇಶಕನಾಗಿದ್ದ ಎಲ್‌ವುಡ್ ಬ್ರೌನ್ ಎಂಬಾತ ಸುತ್ತಲ ದೇಶಗಳನ್ನು ಸೇರಿಸಿ 1913ರ ಫೆಬ್ರವರಿಯಲ್ಲಿ ಒಂದು ಕೂಟ ನಡೆಸಿದ. ಅದೇ ಮುಂದೆ ಫಾರ್ ಈಸ್ಟರ್ನ್ ಚಾಂಪಿಯನ್‌ಶಿಪ್ ಗೇಮ್ಸ್ ಆಯಿತು. (ನಾನು ಓದಿದ ಮದರಾಸಿನ ಕಾಲೇಜನ್ನು 1920ರಲ್ಲಿ ಕಟ್ಟಿದ ಹ್ಯಾರಿ ಬಕ್ ಕೂಡ ಇಂಥದೇ ವೈಎಂಸಿಎ ಮನುಷ್ಯ. ಏಷ್ಯಾದ ಆಟದ ಇತಿಹಾಸ ಕೆದಕಿದರೆ ಎಲ್ಲೋ ಒಂದು ಕಡೆ ಈ ಸಂಸ್ಥೆ ತಲೆ ಎತ್ತಿಯೇ ಎತ್ತುತ್ತದೆ.) ಫಿಲಿಪ್ಪೀನ್ಸ್, ಚೀನಾ, ಜಪಾನ್ ಈ ಮೂರು ದೇಶಗಳೇ ಅದರ ಬೆನ್ನೆಲುಬು. ಕೂಟ ಮನಿಲಾ, ಶಾಂಘೈ, ಜಪಾನ್ ಎಂದು ಸುತ್ತುತ್ತಾ 1934ರವರೆಗೆ ಹತ್ತು ಸಲ ನಡೆಯಿತು. 1930ರಲ್ಲಿ ಟೋಕಿಯೊದಲ್ಲಿ ಭಾರತದವರೂ ಭಾಗವಹಿಸಿದ್ದರು. ಜಪಾನ್ ಮಂಚೂರಿಯಾವನ್ನು ಹಿಡಿದು ಅಲ್ಲಿ ಮಂಚುಕುವೊ ಎಂಬ ಬೊಂಬೆ ರಾಜ್ಯ ನಿಲ್ಲಿಸಿ, ಅದನ್ನೂ ಕೂಟಕ್ಕೆ ಸೇರಿಸಿ ಎಂದು ಹಟ ಹಿಡಿದಾಗ ಚೀನಾ ಒಪ್ಪಲಿಲ್ಲ. ಅಲ್ಲಿಗೆ ಕೂಟವೇ ಮುರಿಯಿತು. 1938ರಲ್ಲಿ ಒಸಾಕಾದಲ್ಲಿ ನಡೆಯಬೇಕಿದ್ದುದು ನಡೆಯಲೇ ಇಲ್ಲ.

ಆದ್ದರಿಂದ '1913' ಎಂದವರು ತಪ್ಪು ಹೇಳಲಿಲ್ಲ, ಆದರೆ ಅದು ಏಷ್ಯನ್ ಗೇಮ್ಸ್‌ನ ಹುಟ್ಟುಹಬ್ಬವಲ್ಲ. ನಮ್ಮ ಲೆಕ್ಕದಲ್ಲೇ ಹೇಳಬೇಕೆಂದರೆ, 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಮನೆತನಗಳ ಹಾಕಿ ಹಬ್ಬ ಶುರುಮಾಡುವುದಕ್ಕೆ ಮೊದಲು ಕೊಡಗಿನಲ್ಲಿ ಹಾಕಿ ಟೂರ್ನಿಗಳು ಇರಲಿಲ್ಲವೇ? ಬೇಕಾದಷ್ಟಿದ್ದವು. ಆದರೆ ಒಕ್ಕಕ್ಕೊಂದು ತಂಡ, ವರ್ಷಕ್ಕೊಂದು ಒಕ್ಕದ ಆತಿಥ್ಯ ಎಂಬ ವ್ಯವಸ್ಥೆ ಹುಟ್ಟಿದ್ದು ಅಲ್ಲಿ. ಹಿಂದಿನ ಟೂರ್ನಿಗಳನ್ನು ನಾವು ಹಬ್ಬದ ಹಿನ್ನೆಲೆ ಎನ್ನುತ್ತೇವೆ, ಹಬ್ಬ ಎನ್ನುವುದಿಲ್ಲ. 1913ನ್ನೂ ಹಾಗೆಯೇ ಬರೆಯಿರಿ.

ಸೋಂಧಿ ಲಾಹೋರಿನ ಗವರ್ನಮೆಂಟ್ ಕಾಲೇಜಿನಲ್ಲಿ ಅಧ್ಯಾಪಕ, ಮುಂದೆ ಅಲ್ಲೇ ಪ್ರಾಂಶುಪಾಲ. 1932ರಿಂದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯ. ಪೂರ್ವ ಏಷ್ಯಾಕ್ಕೆ ಒಂದು ಕೂಟ ಇದೆ, ನಮ್ಮ ಈಚೆಯ ದೇಶಗಳಿಗೆ ಏನೂ ಇಲ್ಲ ಎಂಬುದನ್ನು ಕಂಡು ಅವರು 1934ರಲ್ಲಿ ದೆಹಲಿಯಲ್ಲಿ ವೆಸ್ಟರ್ನ್ ಏಷ್ಯಾಟಿಕ್ ಗೇಮ್ಸ್ ನಡೆಸಿದರು. ಬಂದದ್ದು ನಾಲ್ಕೇ ತಂಡ: ಭಾರತ, ಅಫ್ಘಾನಿಸ್ತಾನ, ಸಿಲೋನ್, ಪ್ಯಾಲೆಸ್ಟೈನ್. ನಡೆದ ಜಾಗ ಇರ್ವಿನ್ ಆಂಫಿಥಿಯೇಟರ್. ನಿಮ್ಮ ಫೋಟೋದ ಕಟ್ಟಡದ ಹಳೆಯ ಹೆಸರು ಬಹುಶಃ ಇದೇ! ಭಾವನಗರದ ಮಹಾರಾಜರ ಹಣದಿಂದ ಕಟ್ಟಿದ್ದು, 1951ರ ಕೂಟದ ಹೊತ್ತಿಗೆ ನ್ಯಾಷನಲ್ ಸ್ಟೇಡಿಯಂ ಆಯಿತು. ವೆಸ್ಟರ್ನ್ ಏಷ್ಯಾಟಿಕ್ ಗೇಮ್ಸ್‌ನ ಎರಡನೆಯ ಕೂಟ 1938ರಲ್ಲಿ ಟೆಲ್ ಅವೀವ್‌ನಲ್ಲಿ ಎಂದು ನಿಗದಿಯಾಗಿತ್ತು. ಅದೂ ಆಗಲಿಲ್ಲ. ನಂತರ ಮಹಾಯುದ್ಧ.

ಯುದ್ಧ ಮುಗಿದಾಗ ಭೂಪಟವೇ ಬೇರೆಯಾಗಿತ್ತು. 1947ರ ಮಾರ್ಚ್ 23ರಿಂದ ಏಪ್ರಿಲ್ 2ರವರೆಗೆ, ಅಂದರೆ ಸ್ವಾತಂತ್ರ್ಯಕ್ಕೆ ನಾಲ್ಕು ತಿಂಗಳು ಮೊದಲೇ, ದೆಹಲಿಯ ಪುರಾನಾ ಕಿಲಾದಲ್ಲಿ ಏಷ್ಯಾದ ದೇಶಗಳ ದೊಡ್ಡ ಸಮ್ಮೇಳನವೊಂದು ಸೇರಿತು. ಅದರ ಹಿಂದಿನ ಶಕ್ತಿ ನೆಹರು. ಆ ಸಮ್ಮೇಳನ ಕ್ರೀಡೆಗಾಗಿ ಸೇರಿದ್ದಲ್ಲ. ಆದರೆ ಏಷ್ಯಾದವರು ತಾವೇ ಒಂದು ಕಡೆ ಕೂಡಬಹುದು ಎಂಬ ಗಾಳಿ ಅಲ್ಲಿಂದ ಎದ್ದಿತು, ಸೋಂಧಿ ಆ ಗಾಳಿಗೆ ಹಾಯಿ ಕಟ್ಟಿದರು. ನೆಹರು ಬೆಂಬಲಿಸಿದರು. ಅವರು ಕೊಟ್ಟ 'ಆಟದ ಮನೋಭಾವದಿಂದ ಆಟ ಆಡಿ' ಎಂಬ ಸಂದೇಶವೇ ಮೊದಲ ಕೂಟದ ಘೋಷವಾಕ್ಯವಾಯಿತು. ನೆಹರು ಸ್ಥಾಪಕರು ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಅವರನ್ನು ಸ್ಥಾಪಕರೆನ್ನದೆ ಪೋಷಕರೆಂದರೆ ಯಾರಿಗೂ ಅನ್ಯಾಯವಾಗದು.

ನಿಜವಾದ ಬಿತ್ತನೆ ನಡೆದದ್ದು ಲಂಡನ್‌ನಲ್ಲಿ. 1948ರ ಒಲಿಂಪಿಕ್ಸ್‌ಗೆ ಏಷ್ಯಾದ ತಂಡಗಳು ಹೇಗೂ ಬಂದಿದ್ದವು. ಆಗಸ್ಟ್ 8ರಂದು ಸೋಂಧಿ ಆ ತಂಡಗಳ ಮುಖ್ಯಸ್ಥರನ್ನು ಮೌಂಟ್ ರಾಯಲ್ ಹೋಟೆಲಿಗೆ ಕರೆದು ಕೂರಿಸಿ ಮಾತಾಡಿದರು. ಅಲ್ಲಿ ಹುಟ್ಟಿದ ಆಲೋಚನೆ ಏಷ್ಯಾದ ಅಥ್ಲೆಟಿಕ್ಸ್ ಒಕ್ಕೂಟದ್ದು. ಮರುವರ್ಷ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಒಂದು ಅಥ್ಲೆಟಿಕ್ಸ್ ಕೂಟ ಎಂದಾಗಿತ್ತು. ಕೂಟ ಆಗಲಿಲ್ಲ, ಆದರೆ ಸಭೆ ಆಯಿತು. 1949ರ ಫೆಬ್ರವರಿ 12 ಮತ್ತು 13ರಂದು ಪಟಿಯಾಲಾ ಹೌಸ್‌ನಲ್ಲಿ (ಇಂದು ಅಲ್ಲಿ ನ್ಯಾಯಾಲಯ ಇದೆ) ಏಷ್ಯನ್ ಗೇಮ್ಸ್ ಫೆಡರೇಶನ್ ಹುಟ್ಟಿತು. ಸಹಿ ಹಾಕಿದ್ದು ಅಫ್ಘಾನಿಸ್ತಾನ, ಬರ್ಮಾ, ಭಾರತ, ಪಾಕಿಸ್ತಾನ, ಫಿಲಿಪ್ಪೀನ್ಸ್, ಒಟ್ಟು ಐದು ದೇಶ. ಅಧ್ಯಕ್ಷರು ಪಟಿಯಾಲಾದ ಯಾದವೀಂದ್ರ ಸಿಂಗ್, ಆಗ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರೂ ಅವರೇ. ಕಾರ್ಯದರ್ಶಿ ಸೋಂಧಿ. ಮಹಾರಾಜರ ಮನೆ, ಮಹಾರಾಜರ ಕುರ್ಚಿ, ಹೀಗಾಗಿ 'ಪಟಿಯಾಲಾ ಮಹಾರಾಜರು ಶುರುಮಾಡಿದರು' ಎಂಬ ಮಾತು. ಮದುವೆ ಮನೆಯಲ್ಲಿ ಚಪ್ಪರದ ಯಜಮಾನನನ್ನು ಎಲ್ಲರೂ ನೋಡುತ್ತಾರೆ, ಹೆಣ್ಣು ಹುಡುಕಿದವನು ಎಲ್ಲೋ ಕಂಬದ ಹಿಂದೆ ನಿಂತಿರುತ್ತಾನೆ.

ನಿಮ್ಮ ಅಣ್ಣನ ಮಗನಿಗೆ ಇಲ್ಲಿ ಒಂದು ವಿಷಯ ತೋರಿಸಿ. ಕೂಟದ ಮೊದಲ ಬೀಜವೇ ಓಟ-ಜಿಗಿತದ್ದು, ತಂಡದ ಆಟಗಳು ಆಮೇಲೆ ಸೇರಿದವು. ಜೊತೆಗೆ, ಫೆಡರೇಶನ್‌ಗೆ ಸಹಿ ಹಾಕಿದ ಪಾಕಿಸ್ತಾನವೇ 1951ಕ್ಕೆ ಬರಲಿಲ್ಲ. ಆ ಹೊತ್ತಿಗೆ ಭಾರತ ಒಲಿಂಪಿಕ್ಸ್‌ನಲ್ಲಿ 1928, 1932, 1936, 1948 ಎಂದು ನಾಲ್ಕು ಸಲ ಹಾಕಿ ಚಿನ್ನ ಗೆದ್ದಿತ್ತು. ಪಾಕಿಸ್ತಾನವಿಲ್ಲದ ಏಷ್ಯಾದಲ್ಲಿ ನಮಗೆದುರು ನಿಲ್ಲುವವರು ಯಾರು? ಹಾಕಿ ಇದ್ದಿದ್ದರೆ ಚಿನ್ನ ನಮ್ಮದೇ ಆಗುತ್ತಿತ್ತು ಎಂದು ಅಂದುಕೊಳ್ಳುವುದು ಸುಲಭ. ಅಂದುಕೊಂಡದ್ದು ಎರಡು ತಲೆಮಾರಿನಲ್ಲಿ 'ಗೆದ್ದೆವು' ಆಗುವುದು ಇನ್ನೂ ಸುಲಭ.

1950ರಲ್ಲಿ ನಡೆಯಬೇಕಿದ್ದ ಕೂಟ ತಯಾರಿ ಸಾಲದೆ 1951ರ ಮಾರ್ಚ್‌ಗೆ ಹೋಯಿತು. ಸಂಘಟನೆಯ ಹೊರೆ ಹೊತ್ತವರು ಆಂಥೊನಿ ಡಿಮೆಲ್ಲೊ, ಭಾರತದ ಕ್ರಿಕೆಟ್ ಮಂಡಳಿಯನ್ನು ಕಟ್ಟಿದವರಲ್ಲೊಬ್ಬರು. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಉದ್ಘಾಟಿಸಿದರು. 11 ದೇಶ, 489 ಕ್ರೀಡಾಪಟುಗಳು, 57 ಸ್ಪರ್ಧೆ. ಕೊರಿಯಾ ಯುದ್ಧದಲ್ಲಿ ಮುಳುಗಿತ್ತು, ಬರಲಿಲ್ಲ. ಜಪಾನ್ ಬಂತು. ಇದನ್ನು ನಿಮ್ಮ ಲೇಖನದಲ್ಲಿ ಬಿಡಬೇಡಿ: 1948ರ ಲಂಡನ್ ಒಲಿಂಪಿಕ್ಸ್‌ಗೆ ಜಪಾನನ್ನು ಕರೆದಿರಲಿಲ್ಲ. ಆರು ವರ್ಷದ ಹಿಂದೆ ಬರ್ಮಾ ಕಾಡಿನಲ್ಲಿ ಅದೇ ಜಪಾನಿಯರೆದುರು ಹೋರಾಡಿ ಬಂದ ಸೈನಿಕರು ನಮ್ಮ ಕೊಡಗಿನ ಎಷ್ಟೋ ಮನೆಗಳಲ್ಲಿ ಇದ್ದರು. ಆ ಬಾವುಟ ದೆಹಲಿಯಲ್ಲಿ ಸ್ನೇಹದ ಮೆರವಣಿಗೆಯಲ್ಲಿ ಬಂದಿತು. ನಿಮ್ಮ ಅಜ್ಜ ಬರ್ಮಾ ನೋಡಿದವರೋ ಎಂದು ಕೇಳಿ ನೋಡಿ. ಹೌದಾದರೆ, ಆ ತಿಂಗಳು ಅವರು ದೆಹಲಿಯಲ್ಲಿದ್ದರು ಎಂಬುದಕ್ಕೆ ಬರುವ ತೂಕ ಯಾವ ಪದಕಕ್ಕೂ ಕಡಿಮೆಯಲ್ಲ.

ಭಾರತವೇ ಪಟ್ಟಿಯಲ್ಲಿ ಮೊದಲು ಬಂತು ಎಂದೂ ಕೆಲವರು ಬರೆಯುತ್ತಾರೆ. ಅದೂ ಸರಿಯಲ್ಲ. ಜಪಾನ್ 24 ಚಿನ್ನ, ಭಾರತ 15. ನಮ್ಮ ಮೊದಲ ಚಿನ್ನ ಈಜಿನಲ್ಲಿ, 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಸಚಿನ್ ನಾಗ್ ತಂದದ್ದು. 100 ಮತ್ತು 200 ಮೀಟರ್ ಓಟ ಎರಡನ್ನೂ ಲೆವಿ ಪಿಂಟೊ ಗೆದ್ದರು. ಫುಟ್‌ಬಾಲ್ ಫೈನಲ್‌ನಲ್ಲಿ ಶೈಲೇನ್ ಮನ್ನಾ ನಾಯಕತ್ವದ ತಂಡ ಇರಾನನ್ನು 1-0ರಿಂದ ಸೋಲಿಸಿತು, ಗೋಲು ಮೇವಾಲಾಲ್ ಅವರದು. ಸೋಂಧಿಯವರ ಕಥೆ ಮಾತ್ರ ಅಷ್ಟು ಸುಖವಾಗಿ ಸಾಗಲಿಲ್ಲ. 1962ರ ಜಕಾರ್ತಾ ಕೂಟಕ್ಕೆ ಇಂಡೋನೇಷ್ಯಾ ಇಸ್ರೇಲ್, ತೈವಾನ್ ತಂಡಗಳನ್ನು ಬರಗೊಡದಾಗ ಅವರು ವಿರೋಧಿಸಿದರು. ಅಲ್ಲಿನ ಜನ ಭಾರತದ ರಾಯಭಾರ ಕಚೇರಿಯ ಮೇಲೇ ನುಗ್ಗಿದರು. ತಾನೇ ನೆಟ್ಟ ಮರದ ನೆರಳಿನಿಂದ ಓಡಿ ಬರಬೇಕಾಯಿತು ಆ ಮನುಷ್ಯ. 1966ರಲ್ಲಿ ತೀರಿಕೊಂಡರು.

ಸರಿ, ಈಗ ಅಜ್ಜನ ವಿಷಯಕ್ಕೆ ವಾಪಸು. ನಿಮ್ಮ ಮುಂದೆ ಇರುವ ದಾರಿಗಳನ್ನು ಅವುಗಳ ಅಪಾಯದೊಂದಿಗೇ ಹೇಳುತ್ತೇನೆ.

ಇದ್ದ ಮಾತನ್ನೇ ಇದ್ದಂತೆ ಅಚ್ಚು ಹಾಕಿಸಬಹುದು. ದೊಡ್ಡಪ್ಪ ಸಂತೋಷಪಡುತ್ತಾರೆ. ಆದರೆ ಹಾಕಿ ಗೊತ್ತಿರುವ ಜಿಲ್ಲೆಯಲ್ಲಿ ಇದನ್ನು ಅಚ್ಚು ಹಾಕಿಸುತ್ತಿದ್ದೀರಿ. ಏಷ್ಯನ್ ಗೇಮ್ಸ್‌ನಲ್ಲಿ ನಿಜವಾಗಿ ಆಡಿದವರು ಇಲ್ಲಿ ಕಡಿಮೆಯಿಲ್ಲ. ಎಂ.ಪಿ. ಗಣೇಶ್ 1970 ಮತ್ತು 1974ರ ಬೆಳ್ಳಿ ತಂಡಗಳಲ್ಲಿದ್ದರು. 2014ರ ಇಂಚಿಯಾನ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ರಘುನಾಥ್, ಸುನಿಲ್ ಇಬ್ಬರೂ ಇದ್ದರು. ಟೆನಿಸ್‌ನಲ್ಲಿ ರೋಹನ್ ಬೋಪಣ್ಣ ಎರಡು ಸಲ ಚಿನ್ನ ತಂದರು. ಇವರನ್ನೆಲ್ಲ ಹತ್ತಿರದಿಂದ ಬಲ್ಲವರ ಕೈಗೆ ನಿಮ್ಮ ಸಂಚಿಕೆ ಹೋಗುತ್ತದೆ. ನಗುವುದು ದೊಡ್ಡ ಮಾತಲ್ಲ, ನಾಲ್ಕು ದಿನಕ್ಕೆ ಮರೆಯುತ್ತದೆ. ಒಂದು ಸಾಲು ಸುಳ್ಳೆಂದು ಗೊತ್ತಾದವನು ಐನ್‌ಮನೆಯ ಕಂಬದ ವಯಸ್ಸು, ಕಾರೋಣನ (ಮನೆತನದ ಮೂಲಪುರುಷನ) ಕಥೆ, ವಂಶಪಾರಂಪರ್ಯದ ಜಮ್ಮಾ ಭೂಮಿಯ ವಿವರ ಎಲ್ಲವನ್ನೂ ಅದೇ ಕಣ್ಣಿನಿಂದ ಓದುತ್ತಾನೆ. ನನಗೆ ಹೆಚ್ಚು ಭಯವಿರುವುದು ಅದಕ್ಕೆ.

ಪೂರ್ತಿ ಬಿಟ್ಟುಬಿಡಬಹುದು. ಸುರಕ್ಷಿತ ಎಂದು ಕಾಣುತ್ತದೆ, ಆದರೆ ನನಗೆ ಇದು ಎಲ್ಲಕ್ಕಿಂತ ಕೆಟ್ಟ ದಾರಿ. ಸಂಚಿಕೆಯಲ್ಲಿ ಬರದ ಕಥೆ ಸಾಯುವುದಿಲ್ಲ. ಮುಂದಿನ ಪುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ ಅಜ್ಜ ಆ ತಂಡದ ಕ್ಯಾಪ್ಟನ್ ಆಗಿರುತ್ತಾರೆ. ಫೋಟೋ ಮಾತ್ರ ಟ್ರಂಕಿನಲ್ಲಿ ಬೂಷ್ಟು ಹಿಡಿಯುತ್ತದೆ.

ಸಂಚಿಕೆಯನ್ನು ಮುಂದೂಡಿ ದಾಖಲೆ ಹುಡುಕಬಹುದು. ಅಜ್ಜನ ಪಿಂಚಣಿ ಪುಸ್ತಕದಲ್ಲಿ ಸೇನಾ ಸಂಖ್ಯೆ ಇರುತ್ತದೆ. ಅದನ್ನು ಹಿಡಿದು, ಹತ್ತಿರದ ವಾರಸುದಾರರ ಸಹಿ ಹಾಕಿಸಿ, ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಯಾವ ಆಫೀಸು ಎಂಬುದನ್ನು ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆಯವರು ಹೇಳುತ್ತಾರೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಬಂದ ಕಾಗದದಲ್ಲಿ ಆಟದ ಮಾತೇ ಇಲ್ಲದಿರಬಹುದು. ಸೇವಾ ದಾಖಲೆ ಎಂದರೆ ಪೋಸ್ಟಿಂಗ್, ಬಡ್ತಿ, ರಜೆ ಇಷ್ಟೇ ಇರುವುದು ಸಾಮಾನ್ಯ. ಆದರೂ 1951ರ ಮಾರ್ಚ್‌ನಲ್ಲಿ ಅವರ ಘಟಕ ಎಲ್ಲಿತ್ತು ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಆಗ ಸೇನೆಯ ದಂಡನಾಯಕರು ನಮ್ಮ ಕಾರ್ಯಪ್ಪನವರೇ. ದೆಹಲಿಯ ಪೋಸ್ಟಿಂಗ್‌ನಲ್ಲಿ ಕೊಡಗಿನ ಸೈನಿಕನೊಬ್ಬ ಇದ್ದ, ಕೂಟ ನೋಡಲೋ ಡ್ಯೂಟಿಗೋ ಸ್ಟೇಡಿಯಂ ಕಡೆ ಹೋದ ಎಂಬುದರಲ್ಲಿ ನಂಬದಂಥದ್ದು ಏನೂ ಇಲ್ಲ.

ಹುಡುಕುವಾಗ ಒಂದು ಎಚ್ಚರ. ಹಳೆಯ ದಾಖಲೆಗಳಲ್ಲಿ ನಮ್ಮ ಮನೆತನದ ಹೆಸರು ಒಂದೇ ಅಕ್ಷರವಾಗಿ ಕುಗ್ಗಿರುತ್ತದೆ. ಒಕ್ಕದ ಹೆಸರಿಗೆ ಒಂದು ಇನಿಷಿಯಲ್, ಅಪ್ಪನ ಹೆಸರಿಗೆ ಒಂದು, ಆಮೇಲೆ ತಿಮ್ಮಯ್ಯ, ಪೂವಯ್ಯ, ಅಯ್ಯಪ್ಪ. ಅದೇ ಇನಿಷಿಯಲ್, ಅದೇ ಹೆಸರಿನ ಇನ್ನಿಬ್ಬರು ಅದೇ ರೆಜಿಮೆಂಟಿನಲ್ಲಿ ಸಿಕ್ಕರೆ ಆಶ್ಚರ್ಯಪಡಬೇಡಿ. ಬೇರೆ ಒಕ್ಕದ ಅಜ್ಜನ ಪದಕವನ್ನು ಸಂತೋಷದಿಂದ ಮನೆಗೆ ತಂದುಕೊಂಡವರನ್ನು ನಾನು ನೋಡಿದ್ದೇನೆ. ಆ ಪದಕ ಮರಳಿ ಕೊಡುವ ಮಾತುಕತೆ ಮೂರು ವರ್ಷ ನಡೆಯಿತು. ಸೇನಾ ಸಂಖ್ಯೆ ಹೊಂದಿದರೆ ಮಾತ್ರ ನಂಬಿ.

ನಾನಾಗಿದ್ದರೆ ಹಿಡಿಯುವ ದಾರಿ ಇದು: ಫೋಟೋವನ್ನು ದೊಡ್ಡದಾಗಿ, ಒಂದು ಪೂರ್ತಿ ಪುಟಕ್ಕೆ ಹಾಕಿಸಿ. ಹಿಂಬದಿಯ ಪೆನ್ಸಿಲ್ ಬರಹವನ್ನೂ ಪಕ್ಕದಲ್ಲೇ ಅಚ್ಚು ಹಾಕಿಸಿ, ಅದೇ ನಿಮ್ಮ ಗಟ್ಟಿ ಸಾಕ್ಷಿ. ಕೆಳಗೆ ಹೀಗೆ ಬರೆಯಬಹುದು: 'ದೆಹಲಿ, ಮಾರ್ಚ್ 1951. ಮೊದಲ ಏಷ್ಯನ್ ಗೇಮ್ಸ್ ನಡೆದ ತಿಂಗಳು. ಸೇನೆಯಲ್ಲಿದ್ದ ನಮ್ಮ ಅಜ್ಜ ಒಳ್ಳೆಯ ಹಾಕಿ ಆಟಗಾರ. ಅವರು ಗೆದ್ದ ಪದಕವೊಂದು ಇಂದಿಗೂ ಮನೆಯಲ್ಲಿದೆ.' ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಅಜ್ಜನಿಂದ ಕಿತ್ತುಕೊಂಡದ್ದೂ ಏನಿಲ್ಲ. ಸ್ಟೇಡಿಯಂ ಹೆಸರನ್ನು ಮಾತ್ರ ಈಗಲೇ ಸೇರಿಸಬೇಡಿ. ನೀವು ಕಳಿಸಿದ ಸ್ಕ್ಯಾನ್‌ನಲ್ಲಿ ಕಟ್ಟಡದ ಅರ್ಧವೇ ಕಾಣುತ್ತದೆ. ನ್ಯಾಷನಲ್ ಸ್ಟೇಡಿಯಂನ ಹಳೆಯ ಚಿತ್ರಗಳ ಜೊತೆ ಹೋಲಿಸಿ, ಹೊಂದಿದರೆ ಸೇರಿಸಿ. ಈ ದಾರಿಯ ಅಪಾಯ ಒಂದೇ, ಅಚ್ಚಾದ ಮೇಲೆ ದೊಡ್ಡಪ್ಪ 'ಚಿನ್ನ ಎಲ್ಲಿ?' ಎಂದು ಕೇಳುವುದು.

ಅದಕ್ಕೇ ಅಚ್ಚಿಗೆ ಮೊದಲು ಅವರ ಹತ್ತಿರ ಹೋಗಿ. ಅಣ್ಣನ ಮಗನನ್ನು ಕರೆದುಕೊಂಡು ಹೋಗಬೇಡಿ, ಮೊಬೈಲಿನಲ್ಲಿ ವಿಕಿಪೀಡಿಯಾ ತೆರೆದು ತೋರಿಸಲೂ ಬೇಡಿ. 'ಚಿನ್ನ ಗೆದ್ದದ್ದು ನಿಜವಾ?' ಎಂದು ಕೇಳಿದರೆ ಅವರಿಗೆ ಹೌದು ಅನ್ನದೆ ಬೇರೆ ದಾರಿಯಿಲ್ಲ. ಅಜ್ಜ ದೆಹಲಿಯಿಂದ ಬಂದಾಗ ಏನು ತಂದರು, ಯಾವ ರೈಲು, ಯಾವ ಬಸ್ಸು, ಆ ಬ್ಲೇಜರ್ ಏನಾಯಿತು, ಜೊತೆಗೆ ಆಡುತ್ತಿದ್ದವರ ಹೆಸರೇನು, ಪದಕ ಮೊದಲು ನೋಡಿದ್ದು ಯಾವಾಗ, ಇಂಥವನ್ನು ಕೇಳಿ, ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ನನಗೆ ಬಂದ ಒಂದು ಪ್ರಕರಣದಲ್ಲಿ 'ಒಲಿಂಪಿಕ್ ಪದಕ' ಎಂದು ಎಲ್ಲರೂ ನಂಬಿದ್ದದ್ದು ಸೇನೆಯೊಳಗಿನ ಟೂರ್ನಿಯ ಪದಕ ಎಂದು ಗೊತ್ತಾದದ್ದು ಯಾವ ಕಡತದಿಂದಲೂ ಅಲ್ಲ. 'ಅಪ್ಪ ಅದನ್ನು ಗೆದ್ದ ರಾತ್ರಿ ಮೆಸ್ಸಿನಲ್ಲಿ ಕರ್ನಲ್ ಸ್ವತಃ ಬಡಿಸಿದರಂತೆ' ಎಂಬ ಒಂದು ಮಾತಿನಿಂದ. ಹೇಳಿದ ಮಗಳಿಗೆ ಅದರಲ್ಲಿ ಕಡಿಮೆ ಅನ್ನಿಸುವಂಥದ್ದು ಏನೂ ಕಾಣಲಿಲ್ಲ.

ನಿಮ್ಮ ಪದಕವೂ ಅಂಥದೇ ಇರಬೇಕೆಂದು ನನ್ನ ಊಹೆ. ಹಲವು ಆಟಗಳು ಸೇರುವ ಕೂಟದ ಪದಕದ ಮೇಲೆ ಒಂದೇ ಆಟದ ಸ್ಟಿಕ್ಕುಗಳನ್ನು ಕೆತ್ತುವುದು ಕಡಿಮೆ. ಅಡ್ಡಡ್ಡ ಸ್ಟಿಕ್ ಎಂದರೆ ಸಾಮಾನ್ಯವಾಗಿ ಬರೀ ಹಾಕಿಯ ಟೂರ್ನಿ. ಉತ್ತರ ಅಂಚಿನ ಆ ಸವೆದ ಅಕ್ಷರಗಳಲ್ಲಿದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಬಹಳ ಕೆಳಗಿಟ್ಟು ಬೆಳಕು ಹಾಯಿಸಿ ಫೋಟೋ ತೆಗೆಯಿರಿ. ಎದುರಿನಿಂದ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ನಂತರ ತೆಳುವಾದ ಬಿಳಿ ಕಾಗದವನ್ನು ಅದರ ಮೇಲೆ ಇಟ್ಟು ಮೃದು ಪೆನ್ಸಿಲಿನ ಮಗ್ಗುಲಿನಿಂದ ನಿಧಾನವಾಗಿ ಉಜ್ಜಿ. ನಾವು ಚಿಕ್ಕವರಿದ್ದಾಗ ನಾಣ್ಯದ ಮೇಲೆ ಮಾಡುತ್ತಿದ್ದೆವಲ್ಲ, ಹಾಗೆ. ಇಸವಿಯ ಎರಡು ಅಂಕಿ, ಟೂರ್ನಿಯ ಹೆಸರಿನ ನಾಲ್ಕಕ್ಷರ ಸಿಕ್ಕರೂ ಸಾಕು. ಎರಡನ್ನೂ ನನಗೆ ಕಳಿಸಿ, ನೋಡೋಣ. ಅಲ್ಲಿಯವರೆಗೆ ಐನ್‌ಮನೆಯ ಪ್ರವೇಶಕ್ಕೆಂದು ಹಿತ್ತಾಳೆ ದೀಪಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕಲು ಯಾರಿಗೂ ಕೊಡಬೇಡಿ. ಉಳಿದಿರುವ ಅಕ್ಷರವೂ ಹೋದೀತು.